ಸ್ಟಾರ್ ಬರ್ಲಿಲ್ಲ ಅಂದ್ರೆ ಹಳೇ ಅಮೆರಿಕನ್ ರೇಡಿಯೋ ಶೋಗಳಲ್ಲಿ ಏನ್ ಮಾಡ್ತಿದ್ರು?

ಕಿವಿಗೊಟ್ಟವ

ಎಲ್ರಿಗೂ ನಮಸ್ಕಾರ. ಅಮೆರಿಕದ ಹಾಸ್ಯನಟ ಜ್ಯಾಕ್ ಬೆನ್ನಿಯ ಹಳೇ ರೇಡಿಯೋ ಶೋಗಳನ್ನ ಒಂದೊಂದಾಗಿ ಕೇಳ್ಕೊಂಡು ಬರ್ತಿದೀನಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ರಾಶಿ ಇದೆ, ಕಾಮಿಡಿ ಇಷ್ಟ ಇರೋರು ದಯವಿಟ್ಟು ಕೇಳಿ. 1943ರ ಮಾರ್ಚ್‌ಗೆ ಬಂದ್ರೆ ಬೆನ್ನಿನೇ ಇಲ್ಲ! ಮಾರ್ಚ್ 7ಕ್ಕೆ ಜಾರ್ಜ್ ಬರ್ನ್ಸ್, ಗ್ರೇಸಿ ಆಲನ್ ಗಂಡ ಹೆಂಡ್ತಿ ಬಂದು ನಡೆಸ್ಕೊಟ್ಟಿದಾರೆ, ಅದಾದ್ಮೇಲೆ 14ರಿಂದ ವಾರ ವಾರ ಆರ್ಸನ್ ವೆಲ್ಸ್. ಅದೇ, 1938ರಲ್ಲಿ ಮಂಗಳ ಗ್ರಹದವರು ಬಂದಿಳಿದ್ರು ಅಂತ ನಾಟಕ ಮಾಡಿ ಕೇಳೋರಿಗೆ ಗಾಬರಿ ಹುಟ್ಸಿದ್ದ ಮನುಷ್ಯ. ಬೆನ್ನಿಗೆ ನ್ಯುಮೋನಿಯಾ ಆಗಿ ಮಲ್ಕೊಂಡಿದ್ರಂತೆ.

ಶೋ ಹೆಸರು ಬೆನ್ನಿದು, ಜೋಕೆಲ್ಲ ಬೆನ್ನಿಯ ಜಿಪುಣತನದ ಮೇಲೆ, ಅವರ ಪಿಟೀಲಿನ ಮೇಲೆ. ಅವರೇ ಇಲ್ಲ ಅಂದ್ರೆ ಅಲ್ಲಿ ಉಳಿಯೋದೇನು ಅಂತ ಅನ್ಕೊಂಡೇ ಕೇಳೋಕೆ ಶುರು ಮಾಡಿದ್ದು, ಆದ್ರೆ ಬಿಡೋಕಾಗ್ಲಿಲ್ಲ, ಒಂದೇ ಸಲಕ್ಕೆ ಎಲ್ಲಾ ಎಪಿಸೋಡೂ ಕೇಳಿ ಮುಗ್ಸಿದೆ.

ಈಗ ಪ್ರಶ್ನೆ. ಸ್ಟಾರ್‌ಗೆ ಹುಷಾರಿಲ್ಲ ಅಂದ್ರೆ ಹಳೇದೊಂದು ಎಪಿಸೋಡ್ ಹಾಕಿ ಸುಮ್ನಾಗ್ಬಹುದಿತ್ತಲ್ವಾ? ಅಷ್ಟು ದೊಡ್ಡ ಹೆಸರುಗಳನ್ನ ಹಿಡ್ಕೊಂಡು ಬಂದು ಸ್ಕ್ರಿಪ್ಟೆಲ್ಲ ಹೊಸದಾಗಿ ಬರೆಯೋ ಒದ್ದಾಟ ಯಾಕೆ? ಬೇರೆ ಶೋಗಳಲ್ಲೂ ಹಿಂಗೇ ಆಗ್ತಿತ್ತಾ? ಗೊತ್ತಿರೋರು ಹೇಳಿ, ಕೇಳೋಕೆ ಒಳ್ಳೇದು ಯಾವುದಿದೆ ಅಂತನೂ ಹೇಳಿ.

ಹಳೇ_ವಾಲ್ವ್

ಒಳ್ಳೇ ಪ್ರಶ್ನೆ ಸರ್. ಹಳೇ ಎಪಿಸೋಡ್ ಹಾಕೋ ದಾರಿನೇ ಇರ್ಲಿಲ್ಲ ಆಗ. ಎನ್‌ಬಿಸಿ, ಸಿಬಿಎಸ್ ಅನ್ನೋ ದೊಡ್ಡ ರೇಡಿಯೋ ನೆಟ್‌ವರ್ಕ್‌ಗಳು ಎರಡೂ ರೆಕಾರ್ಡ್ ಮಾಡಿದ್ದನ್ನ ಪ್ರಸಾರ ಮಾಡೋ ಹಾಗಿಲ್ಲ ಅಂತ ನಿಯಮ ಇಟ್ಕೊಂಡಿದ್ವು, ಎಲ್ಲಾ ಲೈವ್. ಎಷ್ಟು ಬಿಗಿ ಅಂದ್ರೆ 1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಉರಿದು ಬಿತ್ತಲ್ಲ, ಅದನ್ನ ನೋಡ್ತಾ ಹರ್ಬ್ ಮಾರಿಸನ್ ಅನ್ನೋ ಅನೌನ್ಸರ್ ಅಳ್ತಾ ಹೇಳಿದ ವರದಿಯ ಡಿಸ್ಕ್ ಹಾಕಿದ್ದು ಎನ್‌ಬಿಸಿಗೆ ನಿಯಮ ಮುರಿದ ಲೆಕ್ಕ ಆಯ್ತು. ಇವತ್ತು ನಮಗೆ ಈ ಶೋಗಳು ಸಿಕ್ತಿರೋದೇ ಆಗ ಕಡತಕ್ಕೆ ಅಂತ, ಸ್ಪಾನ್ಸರ್‌ಗೆ ತೋರ್ಸೋಕೆ ಅಂತ, ಸೈನಿಕರಿಗೆ ಕಳ್ಸೋಕೆ ಅಂತ ಡಿಸ್ಕ್ ಮಾಡಿ ಇಟ್ಟಿದ್ರಿಂದ. ಇನ್ನೊಂದು ವಿಷ್ಯ, ಆ ದೇಶದ ಎರಡು ತೀರಕ್ಕೂ ಮೂರು ಗಂಟೆ ವ್ಯತ್ಯಾಸ, ಹಂಗಾಗಿ ಎಷ್ಟೋ ಶೋಗಳನ್ನ ಪೂರ್ವಕ್ಕೆ ಒಂದ್ಸಲ ಮಾಡಿ, ಮೂರು ಗಂಟೆ ಬಿಟ್ಟು ಪಶ್ಚಿಮಕ್ಕೆ ಅಂತ ಅದೇ ಸ್ಕ್ರಿಪ್ಟ್ ಹಿಡ್ಕೊಂಡು ಮತ್ತೆ ಲೈವ್ ಮಾಡ್ತಿದ್ರು. ಅಂದ್ರೆ ಗಂಟ್ಲು ಕಟ್ಟಿದ್ರೆ ಒಂದಲ್ಲ, ಎರಡು ಪ್ರೋಗ್ರಾಂ ಹೋಯ್ತು.

ಎರಡನೇದು ದುಡ್ಡು. ಆ ಅರ್ಧ ಗಂಟೆ ನೆಟ್‌ವರ್ಕ್‌ದು ಅನ್ನೋದಕ್ಕಿಂತ ಸ್ಪಾನ್ಸರ್‌ದು ಅನ್ನೋದೇ ಸರಿ. ಬೆನ್ನಿದು ಮೊದ್ಲು ಜೆಲ್-ಓ ಅನ್ನೋ ಜೆಲ್ಲಿ ಪುಡಿ, 1942ರ ಅಕ್ಟೋಬರಿಂದ ಗ್ರೇಪ್ ನಟ್ಸ್ ಅನ್ನೋ ಬೆಳಗಿನ ತಿಂಡಿ. ಅವರು ಭಾನುವಾರ ಸಂಜೆ 7 ಗಂಟೆಗೆ ಅಂತ ಕೊಂಡ್ಕೊಂಡಿದ್ದ ಸಮಯ ಅದು, ಸ್ಟಾರ್ ಇರ್ಲಿ ಬಿಡ್ಲಿ 7 ಗಂಟೆ ಬಂದೇ ಬರುತ್ತೆ, ಏನಾದ್ರೂ ಹೋಗ್ಲೇಬೇಕು. ಬೇಸಿಗೆ ರಜ ಬೇರೆ ಲೆಕ್ಕ, ಅದು ಮೊದ್ಲೇ ಗೊತ್ತಿರೋದು, 39 ವಾರ ದೊಡ್ಡೋರು ಮಾಡಿದ್ರೆ ಉಳಿದ 13 ವಾರ ಚಿಕ್ಕೋರಿಗೆ ಸಿಗ್ತಿತ್ತು. 1947ರ ಬೇಸಿಗೇಲಿ ಬೆನ್ನಿ ಜಾಗಕ್ಕೆ ಜ್ಯಾಕ್ ಪಾರ್ ಅನ್ನೋ ಹುಡುಗ ಬಂದಿದ್ದ, ಮುಂದೆ ಟೀವಿಯಲ್ಲಿ ದೊಡ್ಡ ಹೆಸರಾದ. ಆದ್ರೆ ಕಾಯಿಲೆ ಹೇಳಿ ಕೇಳಿ ಬರಲ್ಲ, ಮೂರ್ನಾಲ್ಕು ದಿನದಲ್ಲಿ ಯಾರನ್ನೋ ಒಪ್ಪಿಸಿ ಅವರಿಗೆ ಹೊಂದೋ ಥರ ಬರೀಬೇಕು.

ವೆಲ್ಸ್ ಯಾಕೆ ಅಷ್ಟು ಚೆನ್ನಾಗಿ ಕೂತ್ರು ಅಂದ್ರೆ, ಅವರು ಬೆನ್ನಿ ಆಗೋಕೆ ಹೋಗ್ಲೇ ಇಲ್ಲ. ಬೆನ್ನಿ ಶೋನ ಗುಟ್ಟು ಏನಪ್ಪಾ ಅಂದ್ರೆ ಎಲ್ರೂ ಸೇರಿ ಯಜಮಾನನ್ನ ಆಡ್ಕೊಳ್ಳೋದು. ಮನೆ ಆಳು ರಾಚೆಸ್ಟರ್, ಬೆನ್ನಿ ಹೆಂಡ್ತಿ ಮೇರಿ, ಹಾಡೋ ಡೆನಿಸ್ ಡೇ, ಅನೌನ್ಸರ್ ಡಾನ್ ವಿಲ್ಸನ್, ಯಾರೂ ಬಿಡಲ್ಲ. ಇಲ್ಲಿ ಬರಹಗಾರರು ಅದನ್ನ ತಿರುಗಿಸ್ಬಿಟ್ರು. ಯಜಮಾನನ ಜಾಗಕ್ಕೆ ತಾನೇ ಮಹಾಮೇಧಾವಿ ಅಂತ ನಂಬಿರೋನೊಬ್ಬ ಬಂದು ಕೂತಿದಾನೆ, ಪಕ್ಕದಲ್ಲಿ ಮಿಸ್ ಹ್ಯಾರಿಂಗ್‌ಟನ್ ಅನ್ನೋ ಸೆಕ್ರೆಟರಿ, ಮಾತು ಮಾತಿಗೂ ಅವಳನ್ನ ಕರೆಯೋದು. ಆ ದೊಡ್ಡ ಕಂಚಿನ ಕಂಠ ಇದೆಯಲ್ಲ, ಅದನ್ನ ತಾನೇ ಗೇಲಿ ಮಾಡ್ಕೊಳ್ಳೋಕೆ ಒಪ್ಪಿದ್ದು ದೊಡ್ಡತನ. ಇಪ್ಪತ್ತೇಳು ವರ್ಷ ಆಗ ವೆಲ್ಸ್‌ಗೆ! ಮಾರನೇ ವರ್ಷ 1944ರಲ್ಲಿ ವೆಲ್ಸ್ ತಮ್ಮದೇ ಕಾಮಿಡಿ ವೆರೈಟಿ ಶೋ ಶುರು ಮಾಡಿದ್ರು, ಈ ವಾರಗಳ ಧೈರ್ಯ ಅದರ ಹಿಂದೆ ಇತ್ತು ಅಂತ ನನ್ನ ಅನಿಸಿಕೆ.

ಧಾರವಾಡದಾಕಿ

ಕಾಮಿಡಿ ಮಾತ್ರ ಅಲ್ರೀ, ನಾಟಕದ ಶೋದಾಗೂ ಇದು ಭಾಳ ದೊಡ್ಡದಾಗಿ ಆಗೇತಿ. ಲಕ್ಸ್ ರೇಡಿಯೋ ಥಿಯೇಟರ್ ಅಂತ ಇತ್ತು, ಸೋಮವಾರ ರಾತ್ರಿ ಒಂದು ತಾಸು, ದೊಡ್ಡ ದೊಡ್ಡ ಸಿನಿಮಾನ ಅದೇ ನಟ ನಟಿಯರನ್ನ ಕರ್ಸಿ ರೇಡಿಯೋ ನಾಟಕ ಮಾಡೋದು. 1936ಕ್ಕ ಹಾಲಿವುಡ್‌ಗೆ ಬಂದಾಗಿಂದ ಹೋಸ್ಟ್ ಯಾರಂದ್ರ ಸೆಸಿಲ್ ಬಿ. ಡಿಮಿಲ್, ಸಿನಿಮಾ ಡೈರೆಕ್ಟರ್. ರೇಡಿಯೋದಾಗ ಅವರನ್ನ ಪ್ರೊಡ್ಯೂಸರ್ ಅಂತ ಕರೀತಿದ್ರು, ಖರೆ ಅಂದ್ರ ಡೈರೆಕ್ಷನ್ ಎಲ್ಲಾ ಬ್ಯಾರೆಯವರು ಮಾಡ್ತಿದ್ರು, ಇವರದು ಮಾತು ಅಷ್ಟ. ಆದ್ರ ಆ ಮಾತಿನ ಗತ್ತು ನೋಡ್ರಿ! ಕೊನೀಗೆ ಹಾಲಿವುಡ್‌ನಿಂದ ನಿಮಗ ಶುಭರಾತ್ರಿ ಹೇಳೋ ನಾನು ಸೆಸಿಲ್ ಬಿ. ಡಿಮಿಲ್ ಅಂತ ಒಂದು ಧಾಟಿಯೊಳಗ ಹೇಳೋರು, ನಾ ಕೇಳಿದಾಗೆಲ್ಲಾ ಆ ಒಂದು ಸಾಲಿಗೇ ಕಾಯ್ತೀನಿ.

ಅಂಥಾ ಮನುಷ್ಯ ಹೋಗಿದ್ದು ಜಡ್ಡಿನಿಂದಲ್ಲ, ಒಂದೇ ಒಂದು ಡಾಲರ್‌ನಿಂದ. ರೇಡಿಯೋ ಕಲಾವಿದರ ಸಂಘ 1944ರಾಗ ಕ್ಯಾಲಿಫೋರ್ನಿಯಾದಾಗ ಮತಕ್ಕ ಬಂದಿದ್ದ ಪ್ರಪೊಸಿಷನ್ 12 ವಿರುದ್ಧ ಪ್ರಚಾರ ಮಾಡಾಕ ಮಂದಿಗೆ ತಲಾ 1 ಡಾಲರ್ ಕೊಡ್ರಿ ಅಂತು. ಕೆಲಸ ಬೇಕಂದ್ರ ಸಂಘಕ್ಕ ಸೇರಲೇಬೇಕು ಅನ್ನೋ ಪದ್ಧತಿ ತಗೀಬೇಕು ಅನ್ನೋದು ಆ ಪ್ರಪೊಸಿಷನ್. ಡಿಮಿಲ್ ಅದರ ಪರ ಇದ್ದವರು, ನನ್ನ ಮತದ ವಿರುದ್ಧ ನನ್ನ ರೊಕ್ಕನ ಹೆಂಗ ಕೊಡ್ಲಿ ಅಂತ ಹಟ ಹಿಡಿದ್ರು. ಅವರ ಪರವಾಗಿ ಬ್ಯಾರೆ ಯಾರರ ಕೊಟ್ರ ಮುಗೀತಿತ್ತು, ಅದಕ್ಕೂ ಒಪ್ಪಲಿಲ್ಲ. ವರ್ಷಕ್ಕ ಹತ್ತಿರ ಹತ್ತಿರ 1 ಲಕ್ಷ ಡಾಲರ್ ಬರೋ ಕೆಲಸ, 1945ರ ಜನವರಿ 22ಕ್ಕ ಮುಗೀತು. ಅವರು ಮಾಡಿದ್ದು ಸರಿ ಅಂತ ನಾ ಹೇಳೂದಿಲ್ಲ, ಸಂಘ ಇಲ್ಲದಿದ್ರ ಸಣ್ಣ ಕಲಾವಿದರ ಗತಿ ಏನು ಅನ್ನೋದು ನನಗ ಮುಖ್ಯ, ಆದ್ರ ಹೇಳಿದಂಗ ನಡ್ಕೊಂಡ್ರು ಅನ್ನೋದು ಒಪ್ಪಬೇಕು.

ಮುಂದ ಏನಾತು? ಮುಂದಿನ ವಾರ ಲಯೊನೆಲ್ ಬ್ಯಾರಿಮೋರ್ ಬಂದ್ರು, ಆಮ್ಯಾಲೆ ವಾಲ್ಟರ್ ಹ್ಯೂಸ್ಟನ್, ಇರ್ವಿಂಗ್ ಪಿಚೆಲ್, ಹಿಂಗ ಒಬ್ಬರಾದ ಮ್ಯಾಲೆ ಒಬ್ಬರು. ಎಲ್ಲಾ ದೊಡ್ಡ ಮಂದಿನ, ಓದೋದ್ರಾಗ ಏನೂ ಕಮ್ಮಿ ಇಲ್ಲ, ಆದ್ರ ಕೇಳಾಕ ಪಾಪ ಅನ್ನಿಸ್ತೈತಿ, ಯಾಕಂದ್ರ ಅವೇ ಸಾಲು, ಅದೇ ಸಾಬಾನಿನ ಮಾತು, ಎಲ್ಲಾ ಡಿಮಿಲ್ ಅಳತಿಗೆ ಹೊಲಿದಿದ್ದು. ವೆಲ್ಸ್‌ಗೆ ಬರೆದಂಗ ಇವರಿಗೆ ಅಂತ ಯಾರೂ ಬರೀಲಿಲ್ಲ. ಕಡೀಕ 1945ರ ನವೆಂಬರ್‌ನಾಗ ವಿಲಿಯಂ ಕೀಲಿ ಕಾಯಂ ಆದ್ರು.

ಇನ್ನೊಂದು ಮಾತು ಐತ್ರಿ, ಇದೇ ಲಕ್ಸ್ ಸಾಬಾನಿಗೆ 1941ರಾಗ ನಮ್ಮ ದೇಶದಾಗ ಮೊದಲ ಜಾಹೀರಾತಿಗೆ ನಿಂತ ಸಿನಿಮಾ ನಟಿ ಲೀಲಾ ಚಿಟ್ನಿಸ್, ನಮ್ಮ ಧಾರವಾಡದಾಗ ಹುಟ್ಟಿದಾಕಿ. ಹೇಳಲಾರದ ಇರಾಕ ಆಗಲಿಲ್ಲ ನನಗ.

ಕಿವಿಗೊಟ್ಟವ

ಮೇಡಂ, ಸೂಪರ್. ಒಂದು ಡಾಲರ್ ವಿಷ್ಯ ಗೊತ್ತೇ ಇರ್ಲಿಲ್ಲ. ಸರಿ, ಹೋಸ್ಟ್ ಅಂದ್ರೆ ಇನ್ನೊಬ್ಬ ಬಂದು ನಿಂತ್ರೆ ಆಯ್ತು. ಆದ್ರೆ ಕಥೆ ಇರೋ ಶೋ ಇದ್ದಾವಲ್ಲ, ಅಲ್ಲಿ ದನಿನೇ ಪಾತ್ರ. ಹೀರೋ ದನಿ ಒಂದಿನ ಇಲ್ಲ ಅಂದ್ರೆ?

ಕತ್ತಲಕೋಣೆ

ಅದಕ್ಕೆ ಲೋನ್ ರೇಂಜರ್ ಕೇಳ್ಬೇಕು ನೀವು, ಮುಖವಾಡ ಹಾಕ್ಕೊಂಡ ಕೌಬಾಯ್ ಹೀರೋ ಕಥೆ. ಡೆಟ್ರಾಯಿಟ್‌ನ ಡಬ್ಲ್ಯೂಎಕ್ಸ್‌ವೈಝಡ್ ಸ್ಟೇಷನ್ನಿಂದ ಬರ್ತಿತ್ತು. ರೇಂಜರ್ ದನಿ ಅರ್ಲ್ ಗ್ರೇಸರ್ ಅನ್ನೋ ನಟಂದು. 1941ರ ಏಪ್ರಿಲ್ 8ನೇ ತಾರೀಕು ಬೆಳಗಿನ ಜಾವ ಕಾರ್ ಆಕ್ಸಿಡೆಂಟ್ ಆಗಿ ತೀರ್ಕೊಂಡ್ರು, 32 ವರ್ಷ ಅಷ್ಟೇ. ಶೋ ವಾರಕ್ಕೆ ಮೂರು ದಿನ, ದೇಶದ ಮಕ್ಕಳೆಲ್ಲ ರೇಡಿಯೋ ಮುಂದೆ ಕೂತಿರ್ತಾರೆ, ಅವರಿಗೆ ರೇಂಜರ್ ಸತ್ತ ಅಂತ ಹೇಳೋಕಾಗುತ್ತಾ, ಇಲ್ಲ ರಾತ್ರೋರಾತ್ರಿ ಬೇರೆ ದನೀಲಿ ಮಾತಾಡ್ಸೋಕಾಗುತ್ತಾ?

ಅವರು ಮಾಡಿದ್ದು ಏನಂದ್ರೆ ಕಥೆಯಲ್ಲೇ ರೇಂಜರ್‌ಗೆ ಬಲವಾದ ಗಾಯ ಮಾಡ್ಸಿದ್ರು. ಐದು ಎಪಿಸೋಡ್ ತನಕ ಅವನಿಗೆ ಮಾತೇ ಇಲ್ಲ, ಪಿಸುದನಿ ಬಿಟ್ರೆ ಉಸಿರಾಟ ಅಷ್ಟೇ. ಕಥೆ ಪೂರ್ತಿ ಅವನ ಜೊತೆಗಾರ ಟಾಂಟೋ ಮೇಲೆ ಹೋಗುತ್ತೆ, ಗಾಯಾಳುನ ನೋಡ್ಕೊಳ್ಳೋದು, ಕಳ್ಳರನ್ನ ಎದುರಿಸೋದು ಎಲ್ಲಾ ಅವನೇ. ಯಾವಾಗ್ಲೂ ಹಿಂದೆ ಇರೋ ಪಾತ್ರ ಮುಂದೆ ಬಂದು ನಿಲ್ಲುತ್ತೆ. ಅಷ್ಟು ದಿನ ಕೇಳೋರ ಕಿವಿ ಹಳೇ ದನಿಯನ್ನ ನೆನೆಸ್ಕೊಂಡೇ ಕಾಯ್ತಿರುತ್ತೆ, ಕೊನೆಗೆ ರೇಂಜರ್ ಬಾಯಿ ಬಿಟ್ಟಾಗ ಆ ದನಿ ಬ್ರೇಸ್ ಬೀಮರ್‌ದು, ಆ ಹೊತ್ತಿಗೆ ಇವನು ಮಾತಾಡಿದ್ನಲ್ಲ ಸಾಕು ಅನ್ನೋ ಸಮಾಧಾನದಲ್ಲಿ ದನಿ ಬೇರೆ ಅಂತ ಯಾರು ಜಗಳ ಆಡ್ತಾರೆ. ಬೀಮರ್ ಹೊರಗಿನೋರಲ್ಲ, ಅದೇ ಶೋನ ಅನೌನ್ಸರ್. ಎತ್ತರದ ಆಳು, ರೇಂಜರ್ ವೇಷ ಹಾಕ್ಕೊಂಡು ಜನರ ಮುಂದೆ ಹೋಗ್ತಿದ್ದಿದ್ದೂ ಅವರೇ. 1954ರ ಸೆಪ್ಟೆಂಬರ್ 3ಕ್ಕೆ ಲೈವ್ ಶೋ ನಿಲ್ಲೋ ತನಕ ಅವರದೇ ದನಿ. ತುರ್ತಿಗೆ ಮಾಡಿದ ಉಪಾಯ ಅದು, ಆದ್ರೆ ಯೋಚ್ನೆ ಮಾಡಿ ಬರೆದ ಕಥೆ ಥರನೇ ಕೇಳ್ಸುತ್ತೆ, ಅದಕ್ಕೇ ನಂಗೆ ಅದರ ಮೇಲೆ ಅಷ್ಟು ಗೌರವ.

ಸೂಪರ್‌ಮ್ಯಾನ್ ಕ್ರಿಪ್ಟೊನೈಟ್ ಕಥೆ ಕೂಡ ಇದೇ ಜಾತಿ ಅಂತ ಹೇಳ್ತಾರೆ. ಸೂಪರ್‌ಮ್ಯಾನ್ ಶಕ್ತಿ ಕುಂದಿಸೋ ಆ ಕಲ್ಲು ಮೊದ್ಲು ಬಂದಿದ್ದು ಕಾಮಿಕ್ಸ್‌ನಲ್ಲಿ ಅಲ್ಲ, ರೇಡಿಯೋದಲ್ಲಿ, 1943ರಲ್ಲಿ. ಕಾಮಿಕ್ಸ್‌ಗೆ ಹೋಗಿದ್ದು 1949ಕ್ಕೆ. ಸೂಪರ್‌ಮ್ಯಾನ್ ದನಿ ಕೊಡ್ತಿದ್ದ ಬಡ್ ಕಾಲಿಯರ್ ರಜ ತಗೊಂಡಾಗ ಅವನನ್ನ ಕ್ರಿಪ್ಟೊನೈಟ್ ಹತ್ರ ಮಲಗ್ಸಿ, ಬೇರೆ ಯಾರೋ ನರಳಿದ್ರೆ ಸಾಕಿತ್ತು ಅಂತ ಎಲ್ರೂ ಹೇಳೋ ಮಾತು. ಅದಕ್ಕೋಸ್ಕರವೇ ಹುಟ್ಟಿಸಿದ್ರು ಅನ್ನೋದು ಸ್ವಲ್ಪ ಉಪ್ಪುಖಾರ ಹಚ್ಚಿದ್ದು ಅನ್ಸುತ್ತೆ ನಂಗೆ. ಬ್ಯಾಟ್‌ಮ್ಯಾನ್, ರಾಬಿನ್ ಇಬ್ರೂ 1945ರಲ್ಲಿ ಅದೇ ಶೋಗೆ ಬಂದ್ರು, ಸೂಪರ್‌ಮ್ಯಾನ್ ಇಲ್ದಿದ್ದಾಗ ಕಥೆ ಎಳ್ಕೊಂಡು ಹೋಗೋಕೆ ಒಳ್ಳೇ ಆಸರೆ ಆದ್ರು.

ಸಂಜೆ_ಏಳು

ಸ್ಟಾರ್ ಕಡೆಯಿಂದಾನೂ ಸ್ವಲ್ಪ ಯೋಚ್ನೆ ಮಾಡಿ ಗುರುಗಳೇ. ನೀವು ಹಾಸಿಗೆ ಹಿಡಿದಿದೀರ, ನಿಮ್ಮ ಜಾಗಕ್ಕೆ ಬಂದೋನು ಜನಕ್ಕೆ ಇಷ್ಟ ಆಗ್ಬಿಟ್ರೆ? ಹಂಗೂ ಆಗಿದೆ. ಬೆನ್ನಿ ಮಲಗಿದ ಅದೇ 1943ರ ಮಾರ್ಚ್‌ನಲ್ಲೇ ಲೂ ಕಾಸ್ಟೆಲೋಗೆ ರುಮ್ಯಾಟಿಕ್ ಫೀವರ್ ಬಂತು, ಆಬಟ್ ಮತ್ತೆ ಕಾಸ್ಟೆಲೋ ಅನ್ನೋ ಕಾಮಿಡಿ ಜೋಡಿಯ ಕಾಸ್ಟೆಲೋ. ಬಡ್ ಆಬಟ್ ಒಬ್ಬನೇ ಮಾಡಲ್ಲ ಅಂದ. ಕ್ಯಾಮೆಲ್ ಸಿಗರೇಟಿನವರ ಸಮಯ ಖಾಲಿ ಬಿದ್ದಿತ್ತು, ಅಲ್ಲಿಗೆ ಜಿಮ್ಮಿ ಡುರಾಂಟೆ, ಗ್ಯಾರಿ ಮೂರ್ ಅಂತ ಹೊಸ ಜೋಡಿ ಹಾಕಿದ್ರು. ಡುರಾಂಟೆ ಐವತ್ತರ ಹಳೇ ತಲೆ, ಮೂರ್ ಇನ್ನೂ ಇಪ್ಪತ್ತೆಂಟರ ಹುಡುಗ. ತಾತ್ಕಾಲಿಕ ಅಂತ ಬಂದೋರು ತಮ್ಮದೇ ಶೋ ಮಾಡ್ಕೊಂಡು 1947ರ ತನಕ ನಡೆಸಿದ್ರು.

ಕಾಸ್ಟೆಲೋ ವಾಪಸ್ ಬಂದ ದಿನದ ಬಗ್ಗೆ ಹೇಳ್ಲೇಬೇಕು. 1943ರ ನವೆಂಬರ್ 4. ಇನ್ನೆರಡು ದಿನಕ್ಕೆ ಒಂದು ವರ್ಷ ತುಂಬ್ತಿದ್ದ ಮಗ, ಅವತ್ತು ರಾತ್ರಿ ಅಪ್ಪನ ದನಿ ರೇಡಿಯೋದಲ್ಲಿ ಗುರುತು ಹಿಡೀತಾನಾ ನೋಡು, ನಿದ್ದೆ ಮಾಡಿಸ್ಬೇಡ ಅಂತ ಹೆಂಡ್ತಿಗೆ ಹೇಳಿ ರಿಹರ್ಸಲ್‌ಗೆ ಹೋಗಿದ್ರಂತೆ. ಮಧ್ಯಾಹ್ನ ಆ ಮಗು ಮನೆ ಈಜುಕೊಳಕ್ಕೆ ಬಿದ್ದು ತೀರ್ಕೊಳ್ತು. ಬೇರೆಯವರನ್ನ ಹಾಕ್ತೀವಿ ನೀವು ಮನೇಲಿರಿ ಅಂತ ಯಾರು ಬೇಕಾದ್ರೂ ಹೇಳ್ತಾರೆ ಅಂಥ ಹೊತ್ತಲ್ಲಿ, ಎಂಟು ತಿಂಗಳು ಬೇರೆಯವರೇ ನಡೆಸಿದ್ದಾರೆ, ಇನ್ನೊಂದಿನ ನಡೆಸ್ತಿರ್ಲಿಲ್ವಾ. ಆದ್ರೆ ಕಾಸ್ಟೆಲೋ ಬಂದ್ರು. ಮಗು ಎಲ್ಲೇ ಇದ್ರೂ ನನ್ನ ದನಿ ಕೇಳ್ಲಿ ಅಂತ ಬಂದು ಅರ್ಧ ಗಂಟೆ ಜನರನ್ನ ನಗಿಸಿದ್ರು, ಶೋ ಮುಗಿದ ಮೇಲೆ ಆಬಟ್ ವಿಷ್ಯ ಹೇಳಿದ್ರು. ಬದಲಿ ಜನ ಸಿಗ್ತಾರೆ ಅನ್ನೋದು ಎಷ್ಟೋ ಸಲ ಕಲಾವಿದನ ತೊಂದ್ರೆಯನ್ನ ಮುಗಿಸಲ್ಲ, ಅವನಿಗೆ ಅಲ್ಲಿ ಇರ್ಲೇಬೇಕು ಅನ್ಸಿರುತ್ತೆ.

ಹಾಸ್ಯನಟ ರೆಡ್ ಸ್ಕೆಲ್ಟನ್ ವಿಷ್ಯ ಚಿಕ್ಕದು. 1944ರಲ್ಲಿ ಸೈನ್ಯಕ್ಕೆ ಕರೆ ಬಂತು, ಶೋ ನಿಲ್ತು. ಅವರ ಶೋನ ಬ್ಯಾಂಡ್ ಲೀಡರ್ ಆಝಿ ನೆಲ್ಸನ್, ಹಾಡ್ತಿದ್ದ ಹೆಂಡ್ತಿ ಹ್ಯಾರಿಯೆಟ್, ಇಬ್ರಿಗೂ ಕೆಲ್ಸ ಇಲ್ದಂಗಾಯ್ತು. ಅವರು ಅಕ್ಟೋಬರ್ 8ಕ್ಕೆ ತಮ್ಮದೇ ಫ್ಯಾಮಿಲಿ ಕಾಮಿಡಿ ಶುರು ಮಾಡಿದ್ರು, ಅದು ರೇಡಿಯೋ ದಾಟಿ ಟೀವಿಯಲ್ಲಿ 1966ರ ತನಕ ಓಡ್ತು!

ಧಾರವಾಡದಾಕಿ

ಕಾಸ್ಟೆಲೋ ಸುದ್ದಿ ಓದಿ ಒಂದು ಕ್ಷಣ ಸುಮ್ನ ಕುಂತೆ. ಇದರ ಜೋಡಿ ಫಿಬ್ಬರ್ ಮಗೀ ಅಂಡ್ ಮಾಲಿ ಅನ್ನೋ ಗಂಡ ಹೆಂಡ್ತಿ ಕಾಮಿಡಿನೂ ಹೇಳಬೇಕ್ರಿ. ಮಾಲಿ ಪಾತ್ರದ ಮೇರಿಯನ್ ಜಾರ್ಡನ್ ಆರೋಗ್ಯ ಕೆಟ್ಟು 1937ರ ನವೆಂಬರ್‌ನಿಂದ 1939ರ ಏಪ್ರಿಲ್ ಮಟ ಬರಲಿಲ್ಲ, ಒಂದೂವರೆ ವರ್ಷದ ಹತ್ತಿರ. ಫಿಬ್ಬರ್ ಆಗಿದ್ದ ಜಿಮ್ ಜಾರ್ಡನ್ ಆಕಿ ಖರೆ ಗಂಡ. ಸುಮ್ನ ಬ್ಯಾರೆ ಮಾಲಿನ ತರಬಹುದಿತ್ತು. ತರಲಿಲ್ಲ ನೋಡ್ರಿ, ಶೋ ಹೆಸರನ್ನ ಫಿಬ್ಬರ್ ಮಗೀ ಅಂಡ್ ಕಂಪನಿ ಅಂತ ಬದಲಿ ಮಾಡಿ ಆಕಿ ಜಾಗ ಆಕಿಗೇ ಇಟ್ರು. ಆಕಿ ಬಂದ ಮ್ಯಾಲೆ ಹಳೇ ಹೆಸರು ವಾಪಸ್. ನನಗ ಇವೆಲ್ಲದರಾಗ ಭಾಳ ಹಿಡಿಸಿದ್ದು ಇದ.

ಕತ್ತಲಕೋಣೆ

ಆದ್ರೆ ದನಿ ಅನುಕರಿಸೋದು ಯಾವಾಗ್ಲೂ ಕೆಟ್ಟದ್ದು ಅಂತ ಹೇಳೋಕಾಗಲ್ಲ. ದಿ ಗ್ರೇಟ್ ಗಿಲ್ಡರ್‌ಸ್ಲೀವ್ ತಗೊಳ್ಳಿ. 1950ರಲ್ಲಿ ಗಿಲ್ಡರ್‌ಸ್ಲೀವ್ ದನಿ ಆಗಿದ್ದ ಹ್ಯಾಲ್ ಪಿಯರಿ ಸಿಬಿಎಸ್‌ಗೆ ಹೋದ್ರು, ಸ್ಪಾನ್ಸರ್ ಕ್ರಾಫ್ಟ್‌ನವರು ಶೋನ ಎನ್‌ಬಿಸಿಯಲ್ಲೇ ಇಟ್ಕೊಂಡು ವಿಲ್ಲರ್ಡ್ ವಾಟರ್‌ಮನ್‌ನ ತಂದ್ರು. ಇಬ್ರ ದನಿ ಎಷ್ಟು ಒಂದೇ ಥರ ಅಂದ್ರೆ ಗೊತ್ತಿಲ್ದೋರಿಗೆ ಬದಲಾಗಿದ್ದೇ ಗೊತ್ತಾಗಲ್ಲ. ಆದ್ರೆ ಪಿಯರಿಯ ಆ ಹೆಸರಾದ ನಗು ಇತ್ತಲ್ಲ, ಮೇಲಿಂದ ಕೆಳಗಿಳಿಯೋ ನಗು, ಅದನ್ನ ಮಾತ್ರ ವಾಟರ್‌ಮನ್ ಮಾಡ್ಲಿಲ್ಲ, ಅದು ಪಿಯರಿದು ಅಂತ ಬಿಟ್ರು. ಪಾತ್ರ ತಗೊಂಡ್ರು, ನಗು ಮುಟ್ಲಿಲ್ಲ.

ಹಳೇ_ವಾಲ್ವ್

ಕೊನೆಗೆ ಇದೆಲ್ಲ ಯಾಕೆ ಕಮ್ಮಿ ಆಯ್ತು ಅನ್ನೋದನ್ನೂ ಹೇಳ್ಬಿಡ್ತೀನಿ, ಮೊದಲ ಪ್ರಶ್ನೆಗೆ ಅದೂ ಉತ್ತರನೇ. ಹಾಡುಗಾರ ಬಿಂಗ್ ಕ್ರಾಸ್ಬಿಗೆ ವಾರ ವಾರ ಲೈವ್ ಅಂತ ಸ್ಟುಡಿಯೋಗೆ ಕಟ್ಟಿ ಹಾಕಿದ್ದು ಸಾಕಾಗಿತ್ತು. 1946ರ ಅಕ್ಟೋಬರ್‌ನಲ್ಲಿ ಫಿಲ್ಕೋ ಕಂಪನಿ ಸ್ಪಾನ್ಸರ್ ಮಾಡಿದ ಶೋನ ಎಬಿಸಿಯಲ್ಲಿ ಶುರು ಮಾಡಿದ್ರು, ರೆಕಾರ್ಡ್ ಮಾಡಿ ಕೊಡ್ತೀನಿ ಅನ್ನೋ ಷರತ್ತಿನ ಮೇಲೆ. ಎಬಿಸಿ ಹೊಸ ನೆಟ್‌ವರ್ಕ್, ಅವರಿಗೆ ಕ್ರಾಸ್ಬಿ ಬೇಕಿತ್ತು, ಒಪ್ಪಿದ್ರು. ಮೊದಲ ವರ್ಷ ಡಿಸ್ಕ್ ಮೇಲೆ, ಒಂದು ಡಿಸ್ಕಿಂದ ಇನ್ನೊಂದಕ್ಕೆ ಕಾಪಿ ಮಾಡಿ ಮಾಡಿ ಸೌಂಡ್ ಮಂಕಾಗಿರ್ತಿತ್ತು. ಆಮೇಲೆ ಜ್ಯಾಕ್ ಮಲಿನ್ ಅನ್ನೋ ಎಂಜಿನಿಯರ್, ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ತಂದಿದ್ದ ಮ್ಯಾಗ್ನೆಟೋಫೋನ್ ಮೆಷಿನ್ ತೋರ್ಸಿದ್ರು. 1947ರ ಸೀಸನ್ನಿಂದ ಟೇಪ್. ಟೇಪಂದ್ರೆ ಕತ್ತರಿಸ್ಬಹುದು, ಅಂಟಿಸ್ಬಹುದು, ಎರಡು ವಾರದ್ದು ಮುಂಚೆನೇ ಮಾಡಿ ಇಟ್ಟು ಗಾಲ್ಫ್ ಆಡೋಕೆ ಹೋಗ್ಬಹುದು. ಜ್ವರ ಬಂದ್ರೂ ಡಬ್ಬಿಯಲ್ಲಿ ಶೋ ಇರುತ್ತೆ.

ಬೆನ್ನಿ ಶೋನಲ್ಲೇ ಇದರ ಪರಿಣಾಮ ನೋಡಿ. ಮೇರಿ ಲಿವಿಂಗ್‌ಸ್ಟನ್‌ಗೆ, ಅಂದ್ರೆ ಬೆನ್ನಿ ಹೆಂಡ್ತಿಗೆ, ಜನರ ಮುಂದೆ ನಿಲ್ಲೋದಂದ್ರೆ ವಿಪರೀತ ಭಯ, ವರ್ಷ ಹೋದಷ್ಟೂ ಜಾಸ್ತಿ ಆಯ್ತು. ಕೊನೇ ರೇಡಿಯೋ ವರ್ಷಗಳಲ್ಲಿ ಅವರು ಮನೇಲಿ ಕೂತು ತಮ್ಮ ಮಾತು ರೆಕಾರ್ಡ್ ಮಾಡ್ತಿದ್ರು, ಸ್ಟುಡಿಯೋದಲ್ಲಿ ಪ್ರೇಕ್ಷಕರ ಮುಂದೆ ಆ ಸಾಲುಗಳನ್ನ ಬೇರೆಯವರು ಓದ್ತಿದ್ರು, ಒಮ್ಮೊಮ್ಮೆ ಮಗಳು ಜೋನ್. ಆಮೇಲೆ ಟೇಪಲ್ಲಿ ಮೇರಿ ದನಿ ಸೇರಿಸೋದು. ಮನೇಲಿ ಕೇಳೋರಿಗೆ ಮೇರಿ ಅಲ್ಲೇ ನಿಂತಿದಾರೆ ಅನ್ನೋ ಹಾಗೇ ಇರುತ್ತೆ. 1943ರಲ್ಲಿ ಯಜಮಾನ ಇಲ್ಲ ಅಂತ ಊರಿಗೆಲ್ಲ ಹೇಳಿ ಅದನ್ನೇ ಹಾಸ್ಯ ಮಾಡ್ಕೊಂಡಿದ್ದ ಶೋ, ಹತ್ತು ವರ್ಷ ಬಿಟ್ಟು ಒಬ್ಬರು ಇಲ್ಲ ಅನ್ನೋದನ್ನೇ ಮುಚ್ಚಿಡಬಹುದಾಯ್ತು. ಮೇರಿಗೆ ಅದರಿಂದ ಎಷ್ಟೋ ನೆಮ್ಮದಿ ಆಗಿರುತ್ತೆ, ನಂಗೆ ಆ ಬಗ್ಗೆ ಖುಷಿನೇ. ಆದ್ರೆ ವೆಲ್ಸ್ ಥರದ ನಾಲ್ಕು ವಾರ ಇನ್ನು ಹುಟ್ಟೋ ಸಂದರ್ಭ ಇಲ್ಲ ಅನ್ನೋದೂ ನಿಜ.

ಕಿವಿಗೊಟ್ಟವ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮೊದ್ಲು ಲೋನ್ ರೇಂಜರ್ 1941ರ ಏಪ್ರಿಲ್ ತಿಂಗಳದ್ದು ಹುಡುಕ್ತೀನಿ, ಆಮೇಲೆ ಬ್ಯಾರಿಮೋರ್ ಹೋಸ್ಟ್ ಮಾಡಿರೋ ಲಕ್ಸ್, ಆಮೇಲೆ ಡುರಾಂಟೆ ಮೂರ್. ಬೆನ್ನಿದು ಏಪ್ರಿಲ್ 4ರ ತನಕ ಕೇಳಿ ನಿಲ್ಸಿದೀನಿ.

ಹಳೇ_ವಾಲ್ವ್

ಅಯ್ಯೋ ಅಲ್ಲೇ ನಿಲ್ಲಿಸ್ಬೇಡಿ ಸರ್, ಏಪ್ರಿಲ್ 11ರದ್ದು ಮೊದ್ಲು ಕೇಳಿ. ಬೆನ್ನಿ ವಾಪಸ್ ಬರ್ತಾರೆ, ವೆಲ್ಸ್ ಇನ್ನೂ ಅಲ್ಲೇ ಇದಾರೆ, ಇಬ್ರನ್ನೂ ಒಂದೇ ಮೈಕ್ ಮುಂದೆ ಕೇಳ್ಬಹುದು.

ಸಂಜೆ_ಏಳು

ಹಂಗೇ ಬೆಳಗಿನ ಶೋ ನಡೆಸ್ತಿದ್ದ ಆರ್ಥರ್ ಗಾಡ್‌ಫ್ರೇ ಜಾಗದಲ್ಲಿ ಪದೇ ಪದೇ ಕೂರ್ತಿದ್ದ ರಾಬರ್ಟ್ ಕ್ಯೂ. ಲೂಯಿಸ್‌ನೂ ಲಿಸ್ಟಿಗೆ ಸೇರ್ಸ್ಕೊಳ್ಳಿ. ಮೇಲೆ ಹೇಳಿದೋರು ಕೆಲವು ವಾರ ನಿಂತು ಹೋದೋರು, ಇಲ್ಲ ಆ ಜಾಗದಲ್ಲೇ ಉಳ್ಕೊಂಡೋರು, ಬದಲಿಗೆ ಬರೋದೇ ಲೂಯಿಸ್‌ಗೆ ಹೆಚ್ಚು ಕಮ್ಮಿ ಕಾಯಂ ಕೆಲ್ಸನೇ ಆಗಿತ್ತು. ಗಾಡ್‌ಫ್ರೇ ಶೋ ಸ್ಕ್ರಿಪ್ಟ್ ಇಲ್ದೆ ಬಾಯಿಗೆ ಬಂದಂಗೆ ಮಾತಾಡೋ ಶೋ ಆಗಿದ್ರಿಂದ ಬರಹಗಾರರ ಆಸರೆನೂ ಇಲ್ಲ, ಬಂದೋನು ತನ್ನ ಮಾತಲ್ಲೇ ಬೆಳಿಗ್ಗೆ ಪೂರ್ತಿ ಕಳೀಬೇಕು. ಸಿಕ್ಕಿದ್ರೆ ಲಿಂಕ್ ಹಾಕ್ತೀನಿ, ಬೇರೆ ಯಾರ ಹತ್ರ ಇದ್ರೂ ಹಾಕಿ.